ಅಮರೇಶ ಮಾಮ ಲಿನಕ್ಸ್ ಕಲಿತದ್ದು

ವಿಂಡೋಸ್ ಕಂಪ್ಯೂಟರಿನಲ್ಲಿ ಆ ಕಪ್ಪು ಕಮಾಂಡ್ ಪರದೆಯನ್ನು ಎಂದಾದರೊಮ್ಮೆ ತೆರೆದರೆ ಸಾಕು, ನನ್ನ ಬೆರಳುಗಳು ನನ್ನನ್ನು ಕೇಳದೆಯೇ ‘ಎಲ್‌ಎಸ್’ ಎಂದು ಒತ್ತಿಬಿಡುತ್ತವೆ. ಅದು ಲಿನಕ್ಸಿನ ಮಾತು; ಲಿನಕ್ಸ್ ಎಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಇಲ್ಲಿ ಏನೇನು ಇದೆ, ತೋರಿಸು ಎಂದರ್ಥ. ಅಂಥ ಆಜ್ಞೆ ನನಗೆ ಗೊತ್ತಿಲ್ಲ ಎಂದು ವಿಂಡೋಸ್ ಮರ್ಯಾದೆಯಿಂದಲೇ ಹೇಳುತ್ತದೆ. ಪಕ್ಕದಲ್ಲಿ ಕೂತ ಮಗಳು ನಗುತ್ತಾಳೆ. ಇಷ್ಟು ವರ್ಷ ಕಂಪ್ಯೂಟರ್ ಕಲಿಸಿದ ನಾನು, ಯಾರ ಮನೆಯಲ್ಲಿ ಯಾವ ಭಾಷೆ ಆಡಬೇಕೆಂಬುದನ್ನು ಇನ್ನೂ ಕಲಿತಿಲ್ಲ. ಈ ಚಾಳಿ ನನಗೆ ಹತ್ತಿದ್ದು ನಮ್ಮ ಅಮರೇಶ ಮಾಮನಿಂದ.

ಅಮರೇಶ ಮಾಮ ನನ್ನ ತಾಯಿಯ ತಮ್ಮ. ಲಿಂಗಸುಗೂರಿನ ತಂತಿ ಕಚೇರಿಯಲ್ಲಿ ತಾರು ಕಳಿಸುವ, ತಾರು ಬರೆದುಕೊಳ್ಳುವ ಕೆಲಸ ಅವನದು. ಊರವರ ಬಾಯಲ್ಲಿ ಅವನು ತಾರ್ ಮಾಸ್ತರ. ಎಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ ಮಸ್ಕಿಯಿಂದ ಬಸ್ಸು ಹತ್ತಿಸಿ ನನ್ನನ್ನು ಅವನ ಮನೆಗೆ ಕಳಿಸುತ್ತಿದ್ದರು. ಮಧ್ಯಾಹ್ನ ಮಾಮನ ಹೆಂಡತಿ ನೀಲಮ್ಮ ಅತ್ತಿ ಕಟ್ಟಿಕೊಟ್ಟ ರೊಟ್ಟಿಗಂಟು ಹಿಡಿದು ನಾನು ಕಚೇರಿಗೆ ಹೋಗುವುದು. ಮೇಜಿನ ಮೇಲೆ ಹಿತ್ತಾಳೆಯ ಪುಟ್ಟ ಯಂತ್ರ ಟಕ್ ಟಕ್ ಎನ್ನುತ್ತಿತ್ತು. ಸದ್ದು ದೊಡ್ಡದಾಗಲಿ ಎಂದು ಅದರ ಹಿಂದೆ ಒಂದು ಖಾಲಿ ಸಿಗರೇಟಿನ ಡಬ್ಬಿ ಸಿಕ್ಕಿಸಿದ್ದರು. ಆ ಡಬ್ಬಿಯಲ್ಲಿ ಸರ್ಕಾರ ಜೀರುಂಡೆ ಸಾಕಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಜೀರುಂಡೆ ಕೂಗಿದಂತೆಲ್ಲ ಮಾಮ ಟೈಪ್ ಮಾಡುತ್ತಾ ಹೋಗುತ್ತಿದ್ದ. ಮುದಗಲ್ಲಿನಲ್ಲಿ ಯಾರಿಗೋ ಗಂಡು ಮಗು, ಪಾಮನಕಲ್ಲೂರಿನಲ್ಲಿ ಯಾರಿಗೋ ಮಿಲಿಟರಿಯಿಂದ ಮಗ ಬರುವ ಸುದ್ದಿ, ಇನ್ನೆಲ್ಲೋ ಒಂದು ಸಾವು. ಎಲ್ಲವೂ ಅದೇ ಟಕ್ ಟಕ್. ಕೇಳುತ್ತಿದ್ದ ಮಾಮನ ಮುಖ ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತಿತ್ತು.

ಆಮೇಲೆ ಆ ಯಂತ್ರ ಮೂಲೆ ಸೇರಿತು. ಮಾಮನನ್ನು ಬೇರೆ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿಂದಲೇ ನಿವೃತ್ತನಾದ. ಮಾರನೆಯ ವರ್ಷ ಯುಗಾದಿಗೆ ಮುಂಚೆ ನೀಲಮ್ಮ ಅತ್ತಿ ಜ್ವರ ಬಂದು ತೀರಿಕೊಂಡಳು. ಮಕ್ಕಳಿಲ್ಲದ ಮನೆ. ಮಾಮ ಯಾರೆದುರೂ ಅತ್ತದ್ದು ನಾನು ಕಾಣೆ. ಊಟಕ್ಕೆ ಕೂತಾಗ ಅವನ ತೋರುಬೆರಳು ತಾಟಿನ ಅಂಚನ್ನು ಸುಮ್ಮನೆ ಬಡಿಯುತ್ತಿತ್ತು, ಅಷ್ಟೆ.

ಆ ಹೊತ್ತಿಗೆ ನಾನು ಡಿಗ್ರಿ ಮುಗಿಸಿ ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ದಿನಾ ಮಸ್ಕಿಯಿಂದ ಬಸ್ಸು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಎಂದರೆ ದೇವರ ಕೋಣೆಗಿಂತ ಒಂದು ತೂಕ ಹೆಚ್ಚಿನ ಮಡಿ. ಚಪ್ಪಲಿ ಹೊರಗೆ ಬಿಡಬೇಕು, ಧೂಳು ಕೂರದ ಹಾಗೆ ಬಟ್ಟೆ ಹೊದಿಸಬೇಕು. ನಮ್ಮಲ್ಲಿ ನಾಲ್ಕು ವಿಂಡೋಸ್ ಮಿಷನ್ನುಗಳಿದ್ದವು. ಸೆಂಟರಿನ ಮಾಲೀಕರು ಅಕ್ಕಿ ಗಿರಣಿಯ ಪಂಪನಗೌಡರು. ಒಳ್ಳೆಯ ಮನುಷ್ಯ, ಆದರೆ ಮಿಷನ್ನಿಗೆ ಏನಾದರೂ ಆದರೆ ಮೊದಲು ನನ್ನನ್ನು ಕೂಗುತ್ತಿದ್ದರು. ಭಾನುವಾರ ಪಾಠವಿಲ್ಲ. ಮದುವೆ ಕಾರ್ಡುಗಳ ಅಕ್ಷರ ಜೋಡಿಸಲು ನಾನೊಬ್ಬಳೇ ಬರುತ್ತಿದ್ದೆ. ಅಂಥ ಒಂದು ಭಾನುವಾರ ಮಾಮ ಲಿಂಗಸುಗೂರಿನಿಂದ ಬಸ್ಸು ಹಿಡಿದು ಬಾಗಿಲಲ್ಲಿ ನಿಂತ.

“ಮನ್ಯಾಗ ಕುಂತ್ರ ಗ್ವಾಡಿ ಮೈಮ್ಯಾಲ ಬಂದಂಗ ಆಗ್ತೈತಿ ಸರೂ. ಇಲ್ಲೇ ಒಂದು ಮೂಲ್ಯಾಗ ಕುಂದರ್ತೀನಿ. ನಿನ್ನ ಕೆಲಸ ನೀ ಮಾಡು.”

ಮೂಲೆಯಲ್ಲಿ ಎಷ್ಟು ಹೊತ್ತು ಕೂರುವವನು! ಪಕ್ಕದ ಮಿಷನ್ ಹಚ್ಚಿಕೊಟ್ಟೆ. ಮೌಸ್ ಕೈಗಿತ್ತೆ. ಮಾಮನಿಗೂ ಅದಕ್ಕೂ ಮೊದಲ ಗಳಿಗೆಯಿಂದಲೇ ಆಗಿಬರಲಿಲ್ಲ. ಬಾಣ ಪರದೆಯ ಮೂಲೆಗೆ ಓಡುತ್ತಿತ್ತು, ಇವನು ಮೌಸನ್ನು ಮೇಜಿನಿಂದಾಚೆ ಎಳೆಯುತ್ತಿದ್ದ.

“ಇದಕ್ಕ ಬೆಳ್ಳು ಮಾಡಿ ತೋರಸಬೇಕೇನವ್ವಾ? ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲೇನು?” ಎಂದ.

ಬಾಯಿಂದಲ್ಲ, ಮಾತನ್ನು ಟೈಪ್ ಮಾಡಿ ಹೇಳಿದರೆ ತಿಳಿಯುವಂಥದ್ದೂ ಒಂದಿದೆಯಂತೆ ಎಂದು ನಾನು ತಮಾಷೆಗೆ ಹೇಳಿದೆ. ಸೆಂಟರಿಗೆ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಸಿ.ಡಿ. ಬಂದಿತ್ತು, ಅದರಲ್ಲಿ ಲಿನಕ್ಸ್ ಇತ್ತು. ಅದನ್ನು ನಾನು ಮುಟ್ಟಿರಲಿಲ್ಲ. ಅದನ್ನು ಹಾಕಿದರೆ ವಿಂಡೋಸ್ ಅಳಿಸಿಹೋಗುತ್ತದೆ ಎಂದು ಯಾರೋ ಹೆದರಿಸಿದ್ದರು. ಹೆಸರನ್ನು ಕೇಳಿದ್ದೇ ಮಾಮನ ಕಿವಿ ನೆಟ್ಟಗಾಯಿತು.

“ಲೈನಕ್ಸ್? ಲೈನ್ ಅಂದ ಮ್ಯಾಲ ನಮ್ಮದ ಆತು ಬಿಡು. ಕೊಡು ಇಲ್ಲೆ.”

ಪತ್ರಿಕೆಯ ಆ ಲೇಖನವನ್ನು ಮಾಮ ಕನ್ನಡಕ ಏರಿಸಿ, ಇಳಿಸಿ, ಮಧ್ಯಾಹ್ನದವರೆಗೆ ಓದಿದ. ಓದಿ ಮುಗಿಸಿ ಹೇಳಿದ: “ನಿನ್ನ ವಿಂಡೋಸಿಗೆ ಕೈ ಹಚ್ಚಂಗಿಲ್ಲ. ಒಂದು ಖಾಲಿ ಫ್ಲಾಪಿ ಐತೇನು?”

ಹೊಸಬರು ಲಿನಕ್ಸನ್ನು ಹೆದರದೆ ಮುಟ್ಟುವ ಮೊದಲ ದಾರಿ ಅದು. ಸಿ.ಡಿ.ಯಲ್ಲಿದ್ದ ಪುಟ್ಟ ಲಿನಕ್ಸೊಂದನ್ನು ಫ್ಲಾಪಿಗೆ ಇಳಿಸಿಕೊಂಡು, ಫ್ಲಾಪಿ ಒಳಗಿಟ್ಟು ಕಂಪ್ಯೂಟರ್ ಹಚ್ಚುವುದು. ಗರ್ರ್ ಗರ್ರ್ ಎಂದು ಫ್ಲಾಪಿ ಓದಿಕೊಂಡು, ಬಿಳಿ ಸಾಲುಗಳು ಕಪ್ಪು ಪರದೆಯ ಮೇಲೆ ಸುರಿದು, ಕೊನೆಗೆ ನೀನು ಯಾರು ಎಂದು ಕೇಳಿ ನಿಲ್ಲುತ್ತಿತ್ತು. ಎಲ್ಲವೂ ಮಿಷನ್ನಿನ ತಾತ್ಕಾಲಿಕ ನೆನಪಿನಲ್ಲಿ ನಡೆಯುವ ಆಟ. ವಿಂಡೋಸ್ ಇರುವ ಡಿಸ್ಕಿಗೆ ಸುದ್ದಿಯೇ ತಿಳಿಯದು. ಫ್ಲಾಪಿ ತೆಗೆದು ಮತ್ತೆ ಹಚ್ಚಿದರೆ ಏನೂ ಆಗಿಲ್ಲವೆಂಬಂತೆ ವಿಂಡೋಸ್ ಎದ್ದು ಕೂರುತ್ತಿತ್ತು.

ಆ ಕಪ್ಪು ಪರದೆ ಕಂಡರೆ ನನಗೆ ಕರೆಂಟು ಹೋದ ಮನೆಯಲ್ಲಿ ನಿಂತಂತಾಗುತ್ತಿತ್ತು. ಮಾಮನಿಗೆ ಅದು ತವರು. ‘ಹು’, ಅಂದರೆ ಇಂಗ್ಲಿಷಿನಲ್ಲಿ ಯಾರು, ಎಂದು ಒತ್ತಿದರೆ ಒಳಗೆ ಯಾರಿದ್ದಾರೆ ಎಂದು ತೋರಿಸುವುದನ್ನು ಕಂಡು ಹಿಗ್ಗಿಹೋದ. “ಲೈನ್ ಮ್ಯಾಲ ಯಾರದಾರ ಅಂತ ನಾವೂ ಹಿಂಗ ಕೇಳತಿದ್ವಿ.” ನಕಲು ಮಾಡಲು ಎರಡೇ ಅಕ್ಷರ, ಸರಿಸಲು ಎರಡೇ ಅಕ್ಷರ, ಅಳಿಸಲು ಎರಡೇ ಅಕ್ಷರ. “ಇದನ್ನ ಕಟ್ಟಿದಾವ ಯಾರೋ ತಾರಿನಾವ ಇರಬೇಕು. ಒಂದಕ್ಷರ ಜಾಸ್ತಿ ಹೊಡಿಯಾಕ ಮನಸಿಲ್ಲ ನೋಡು ಮಗಂಗ!”

ಫ್ಲಾಪಿಯ ಲಿನಕ್ಸಿಗೆ ಒಂದು ಕೊರತೆ. ಅದರಲ್ಲಿ ಬರೆದದ್ದು ಆರಿಸಿದ ಕೂಡಲೇ ಮಾಯ. ಮಾಮ ಒಂದು ಭಾನುವಾರ ಕಷ್ಟಪಟ್ಟು ಬರೆದದ್ದೆಲ್ಲ ಮುಂದಿನ ವಾರ ಇರಲಿಲ್ಲ. ನಾನಾಗಿದ್ದರೆ ಸಿಟ್ಟಿಗೆದ್ದು ಬಿಟ್ಟುಬಿಡುತ್ತಿದ್ದೆ. ಅವನು ಮತ್ತೆ ಮೊದಲಿನಿಂದ ಶುರುಮಾಡಿದ. “ಸಣ್ಣವರಿದ್ದಾಗ ಉಸುಕಿನ್ಯಾಗ ಅಕ್ಷರ ತಿದ್ದಿಲ್ಲೇನು? ಹಂಗ ಇದು. ತಪ್ಪಿದ್ದೂ ಉಳಿಯಂಗಿಲ್ಲ” ಎಂದ.

ಎರಡನೆಯ ದಾರಿಗೆ ನಾನು ಸುಲಭಕ್ಕೆ ಒಪ್ಪಲಿಲ್ಲ. ವಿಂಡೋಸಿನ ಡಿಸ್ಕಿನಲ್ಲೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ಇಡೀ ಲಿನಕ್ಸನ್ನು ಇಳಿಸುವುದು. ವಿಂಡೋಸಿನಿಂದ ಹೊರಬಂದು ಅದರಡಿಯ ಹಳೆಯ ವ್ಯವಸ್ಥೆಯಾದ ಡಾಸ್‌ಗೆ ಇಳಿದು, ಅಲ್ಲಿಂದ ಲಿನಕ್ಸನ್ನು ಎಬ್ಬಿಸುವುದು. ಡಿಸ್ಕನ್ನು ಭಾಗ ಮಾಡಬೇಕಿಲ್ಲ. ಬೇಡವೆನಿಸಿದರೆ ಆ ಫೋಲ್ಡರನ್ನು ಅಳಿಸಿದರೆ ಮುಗಿಯಿತು. ಆದರೆ ಅದೇ ಡಿಸ್ಕಿನಲ್ಲಿ ಮೂರು ಮದುವೆಗಳ ಕಾರ್ಡುಗಳಿದ್ದವು.

“ಬ್ಯಾಡ ಮಾಮಾ. ಗೌಡ್ರು ನನ್ನ ಮನಿಗೆ ಕಳಸ್ತಾರ.”

“ನಿನ್ನ ಕಾರ್ಡ್ ಎಲ್ಲಾ ಮೊದಲು ಫ್ಲಾಪಿಗೆ ಹಾಕು. ಹಾಕಿ, ಇನ್ನೊಂದು ಮಿಷನ್ನಿನ್ಯಾಗ ತಗದು ನೋಡು. ಸರಿ ಅದಾವ ಅಂದ್ರಷ್ಟ ಮುಂದಿನ ಮಾತು.”

ಹಾಗೆಯೇ ಮಾಡಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡದಿದ್ದ ಮೊದಲ ಪಾಠ ಅದು: ನಕಲು ತೆಗೆದು, ನಕಲು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಕೈಹಾಕು. ಮಾಮ ಇಡೀ ಮಧ್ಯಾಹ್ನ ಲಿನಕ್ಸನ್ನು ಇಳಿಸಿದ. ಸಂಜೆಯ ಹೊತ್ತಿಗೆ ಎದ್ದಿತು. ಬರೆದದ್ದು ಈಗ ವಾರ ಕಳೆದರೂ ಉಳಿಯುತ್ತಿತ್ತು.

ಪಂಪನಗೌಡರು ಯಾವ ಭಾನುವಾರವೂ ಬಾರದವರು ಒಂದು ಭಾನುವಾರ ಬಂದುಬಿಟ್ಟರು. ಒಳಗೆ ಕಾಲಿಟ್ಟವರು ಕಪ್ಪು ಪರದೆ ಕಂಡು ಬಾಗಿಲಲ್ಲೇ ನಿಂತರು.

“ಏನಾತವಾ ಮಿಷನ್ನಿಗೆ? ಚಿತ್ರ ಎಲ್ಲಿ ಹೋದ್ವು?”

ಮಾಮ ಎದ್ದು ನಿಂತು ಕೈಮುಗಿದ. “ನಮಸ್ಕಾರ್ರೀ ಗೌಡ್ರ. ಎಲ್ಲೂ ಹೋಗಿಲ್ರಿ, ಮಕ್ಕೊಂಡಾವ. ಎಬ್ಬಸ್ತೀನಿ ತಡೀರಿ.”

ಲಿನಕ್ಸನ್ನು ಆರಿಸಿ ಮಿಷನ್ ಮತ್ತೆ ಹಚ್ಚಿದ. ಮೋಡದ ಚಿತ್ರ ಬಂದು, ಗೌಡರ ಪರಿಚಯದ ಗುರುತುಗಳೆಲ್ಲ ಒಂದೊಂದಾಗಿ ಬಂದು ಕೂತವು. ಗೌಡರು ಬಗ್ಗಿ ನೋಡಿದರು, ಮದುವೆ ಕಾರ್ಡೊಂದನ್ನು ತೆರೆಸಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಮಾಮನಿಂದ ಲಿನಕ್ಸಿನ ವಿಷಯ ಕೇಳಿ ತಿಳಿದರು.

“ಎರಡೂ ಒಂದ ಮನ್ಯಾಗ ಹ್ಯಾಂಗ ಬಾಳೆ ಮಾಡ್ತಾವ್ರೀ?”

“ಒಂದು ಮಕ್ಕೊಂಡಾಗ ಒಂದು ಏಳ್ತೈತ್ರಿ. ಜಗಳಕ್ಕ ಜಾಗನ ಇಲ್ಲ.”

ಗೌಡರು ಜೋರಾಗಿ ನಕ್ಕರು. ಗಿರಣಿಯ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಮೂಟೆಗಳ ನಡುವೆ ಬಿದ್ದಿತ್ತು. ಹೊಸ ತಂತ್ರಾಂಶಗಳನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. “ಅದನ್ನ ಒಯ್ರಿ. ಅದರ ಮ್ಯಾಲ ಏನರ ಮಾಡ್ಕೋರಿ. ಈ ನಾಲ್ಕಕ್ಕ ಮಾತ್ರ ತ್ರಾಸ ಕೊಡಬ್ಯಾಡ್ರಿ” ಎಂದರು. ಮಾಮ ಅದನ್ನು ಆ ಹೊತ್ತೇ ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ.

ಹೊಟ್ಟಿನ ಧೂಳು ಒರೆಸಿ, ಆ ಮುದಿ ಮಿಷನ್ನಿನಲ್ಲಿ ಬರೀ ಲಿನಕ್ಸನ್ನು ಹಾಕಿ, ನಾಲ್ಕು ವಿಂಡೋಸ್ ಮಿಷನ್ನುಗಳಿಂದ ಅದಕ್ಕೆ ತಂತಿ ಎಳೆದ. ತಂತಿ ಎಳೆಯುವುದನ್ನು ಅವನಿಗೆ ಯಾರು ಹೇಳಿಕೊಡಬೇಕು? ಗೋಡೆಗುಂಟ ಕ್ಲಿಪ್ ಹೊಡೆದು, ಎಲ್ಲೂ ಜೋಲದಂತೆ, ಕಂಬದ ಸಾಲಿನ ಹಾಗೆ ಎಳೆದ. ಇದು ಮೂರನೆಯ ದಾರಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಂದದ್ದು. ವಿಂಡೋಸ್ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಅದರಲ್ಲೇ ಇರುವ ಟೆಲ್‌ನೆಟ್ ಎಂಬ ಸಣ್ಣ ಕಿಟಕಿ ತೆರೆದರೆ ತಂತಿಯಾಚೆಯ ಲಿನಕ್ಸ್ ಮಿಷನ್ ‘ಯಾರು’ ಎಂದು ಕೇಳುತ್ತದೆ. ಹೆಸರು, ಗುಟ್ಟಿನ ಪದ ಹೇಳಿದರೆ ಒಳಗೆ ಬಿಡುತ್ತದೆ. ಪ್ರತಿಯೊಬ್ಬರಿಗೂ ಅಲ್ಲಿ ಒಂದೊಂದು ಕೋಣೆ. ಕೆಡಿಸಿದರೆ ಅವರವರ ಕೋಣೆ ಮಾತ್ರ ಕೆಡುತ್ತದೆ. ಸೋಮವಾರದಿಂದ ನನ್ನ ವಿದ್ಯಾರ್ಥಿಗಳು ಅಲ್ಲಿ ಓಡಾಡತೊಡಗಿದರು. ದಢೇಸುಗೂರಿನಿಂದ ಬರುತ್ತಿದ್ದ ಹುಡುಗಿಯರಿಬ್ಬರು ನನಗಿಂತ ಬೇಗ ಕಲಿತರು. ನಾನು ಮೇಡಂ ಎಂಬ ಗತ್ತಿನಲ್ಲಿ ಅವರ ಹಿಂದೆ ನಿಂತು, ಅವರು ಒತ್ತಿದ್ದನ್ನು ಕದ್ದು ನೋಡಿ ಕಲಿತೆ.

ಭಾನುವಾರ ಸಂಜೆ ಬಸ್ಸಿಗೆ ಮುಂಚೆ ಮಾಮ ಒಂದು ಮನೆಗೆ ತಪ್ಪದೆ ಹೋಗುತ್ತಿದ್ದ. ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಖಾಜಾ ಸಾಹೇಬರ ಮನೆ. ಖಾಜಾ ಸಾಹೇಬರು ಸಿಂಧನೂರಿನ ತಾರ್ ಮಾಸ್ತರರಾಗಿದ್ದವರು. ಲಿಂಗಸುಗೂರಿನಲ್ಲಿ ಮಾಮ, ಸಿಂಧನೂರಿನಲ್ಲಿ ಅವರು. ಮುಖ ನೋಡುವ ಮೊದಲೇ ವರ್ಷಗಟ್ಟಲೆ ಒಬ್ಬರ ಕೈ, ಅಂದರೆ ತಾರು ಬಡಿಯುವ ಲಯ, ಇನ್ನೊಬ್ಬರಿಗೆ ಗೊತ್ತಿತ್ತು. ಸುದ್ದಿ ಕಡಿಮೆಯಿದ್ದ ಹೊತ್ತು ಲೈನ್ ಮೇಲೆ ಹರಟುತ್ತಿದ್ದರು. ಅತ್ತಿ ಬಸ್ ಕಂಡಕ್ಟರನ ಕೈಯಲ್ಲಿ ಇವರಿಗೆ ಶೇಂಗಾ ಚಟ್ನಿ ಕಳಿಸುವುದು, ಇವರು ರಂಜಾನಿಗೆ ಹಾಲು ಶಾವಿಗೆಯ ಸುರಕುಂಬಾ ಕಳಿಸುವುದು.

ಖಾಜಾ ಸಾಹೇಬರ ಕಿವಿ ಕೆಲವು ವರ್ಷಗಳ ಹಿಂದೆ ಪೂರ್ತಿ ಹೋಗಿತ್ತು. ತಮ್ಮ ದನಿ ತಮಗೇ ಕೇಳದೆ ಕೂಗಿ ಮಾತಾಡುತ್ತಿದ್ದರು. ಮೆಲ್ಲಗೆ, ಮೆಲ್ಲಗೆ ಎಂದು ಎಲ್ಲರೂ ಕೈ ಮಾಡುತ್ತಿದ್ದರು. ಒಂದು ದಿನ ಮಾತನ್ನೇ ನಿಲ್ಲಿಸಿದರು. ಮನೆಯವರು ಪಾಟಿಯ ಮೇಲೆ ಬರೆದು ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ತಾನೇನು ಶಾಲೆಯ ಕೂಸೇ ಎಂದು. ಮಾಮ ಅವರ ಅಂಗೈ ಮೇಲೆ ಬೆರಳಿನಿಂದ ತಾರು ಬಡಿದು ನೋಡಿದ. ಜೀವನವಿಡೀ ಕಿವಿಯಿಂದ ಓದಿದವರು. ಅಂಗೈಗೆ ಅದು ಬರೀ ಚುಚ್ಚಿದಂತಾಗಿ ಕೈ ಎಳೆದುಕೊಂಡರು. ಹೀಗಾಗಿ ಪ್ರತಿ ಭಾನುವಾರ ಇಬ್ಬರೂ ಅಂಗಳದಲ್ಲಿ ಸುಮ್ಮನೆ ಕೂತು ಚಹಾ ಕುಡಿದು ಏಳುತ್ತಿದ್ದರು. ಮನೆಯಲ್ಲಿ ಎಲ್ಲ ಆರಾಮವೇ ಎಂದು ಅವರು ಹುಬ್ಬಿನಲ್ಲೇ ಕೇಳುವರು. ಮಾಮ ತಲೆಯಾಡಿಸುವನು.

ನೀಲಮ್ಮ ಅತ್ತಿ ಇಲ್ಲವೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಸೊಸೆ ಮುಮ್ತಾಜಳಿಗೆ ಗೊತ್ತಿತ್ತು. ತಾನೇ ಹೇಳುತ್ತೇನೆ ಎಂದು ಮಾಮ ಅವಳನ್ನು ತಡೆದಿದ್ದ.

“ಹ್ಯಾಂಗ ಹೇಳಲಿ ಸರೂ?” ಎಂದು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕೇಳಿದ್ದ. “ಪಾಟಿ ಮ್ಯಾಲ ಬರದು ಮುಂದ ಹಿಡೀಲೇನು? ಕಿವ್ಯಾಗ ಒದರಲೇನು? ಎಷ್ಟು ಮಂದಿಗೆ ಇಂಥಾ ಸುದ್ದಿ ಮುಟ್ಟಿಸೀನಿ. ನಂದ ನನಗ ಆಗವಲ್ದು.”

‘ಟಾಕ್’ ಎಂಬ ಆಜ್ಞೆಯನ್ನು ಮಾಮ ಕಂಡುಕೊಂಡದ್ದು ಆಮೇಲಿನ ಒಂದು ಭಾನುವಾರ. ಒಂದೇ ಲಿನಕ್ಸ್ ಮಿಷನ್ನಿಗೆ ಬೇರೆ ಬೇರೆ ಕಡೆಯಿಂದ ಬಂದ ಇಬ್ಬರು ಅದರಲ್ಲಿ ಮಾತಾಡಬಹುದು. ಪರದೆ ನಡುವೆ ಗೆರೆ ಬಿದ್ದು ಎರಡಾಗುತ್ತದೆ. ಮೇಲೆ ನಾವು ಒತ್ತಿದ್ದು, ಕೆಳಗೆ ಆಚೆಯವರು ಒತ್ತಿದ್ದು. ಬರೆದು ಮುಗಿಸಿ ಕಳಿಸುವುದಲ್ಲ. ಒಂದೊಂದು ಅಕ್ಷರವೂ ಒತ್ತಿದ ಗಳಿಗೆಯಲ್ಲೇ ಆಚೆ ಮೂಡುತ್ತದೆ. ನಿಂತರೆ ನಿಂತದ್ದು ಕಾಣುತ್ತದೆ, ತಡವರಿಸಿದರೆ ತಡವರಿಸಿದ್ದು ಕಾಣುತ್ತದೆ. ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಮಾಮ ಹೊರಗಿನಿಂದ ಟೈಪ್ ಹೊಡೆದ. ನಾನು ತಪ್ಪಿದ್ದನ್ನು ಅಳಿಸಲು ಹೋದರೆ ಏನೇನೋ ಗುರುತು ಬೀಳುತ್ತಿತ್ತು. “ಅಳಸಾಕ ಬರಂಗಿಲ್ಲ ಮಾಮಾ” ಎಂದು ಕೂಗಿದೆ. ಹೊರಗೆ ಬಂದು ನೋಡಿದರೆ ಅವನು ಪರದೆಯನ್ನೇ ನೋಡುತ್ತಾ ಕೂತಿದ್ದ. “ಖಾಜಾನ್ನ ಕರಕೊಂಡು ಬರಬೇಕು” ಎಂದ.

ಕರೆತಂದವಳು ಮುಮ್ತಾಜ್. ಕಂಪ್ಯೂಟರ್ ಕ್ಲಾಸಿಗೆ ಸೇರಬೇಕು, ಒಬ್ಬಳೇ ಹೋಗಲಾರೆ, ಜೊತೆಗೆ ಬನ್ನಿ ಎಂದು ಕೈಸನ್ನೆಯಲ್ಲೇ ತಿಳಿಸಿ ಮಾವನನ್ನು ಎಬ್ಬಿಸಿಕೊಂಡು ಬಂದಳು. ಅದು ನೆಪವಾಗಿತ್ತು, ಆದರೆ ಮುಂದೆ ಅವಳು ನಿಜವಾಗಿಯೂ ಸೇರಿದಳು, ನನ್ನ ಜೊತೆ ಕಲಿಸುವಷ್ಟೂ ಕಲಿತಳು. ಖಾಜಾ ಸಾಹೇಬರು ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದರು. ಒಳಕೋಣೆಯ ವಿಂಡೋಸ್ ಮಿಷನ್ನಿನ ಮುಂದೆ ಅವರನ್ನು ಕೂರಿಸಿದೆ. ಟೆಲ್‌ನೆಟ್ ಕಿಟಕಿ ತೆರೆದಿತ್ತು. ಮಾಮ ಹೊರಗಿನ ಕೋಣೆಯಲ್ಲಿದ್ದ. ನಾನು ನಡುವಿನ ಬಾಗಿಲಲ್ಲಿ ನಿಂತೆ. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು.

ಕರೆ ಬಂತು. ಉತ್ತರಕ್ಕೆ ಏನು ಒತ್ತಬೇಕೆಂದು ಪರದೆಯೇ ಹೇಳಿತು. ಖಾಜಾ ಸಾಹೇಬರದು ತಾರು ಕೇಳುತ್ತಾ ಟೈಪ್ ಮಾಡಿದ ಕೈ, ಅಕ್ಷರ ಹುಡುಕುವ ಮಾತಿಲ್ಲ. ಒತ್ತಿದರು. ಗೆರೆ ಬಿತ್ತು. ಕೆಳಗೆ ಒಂದೊಂದೇ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಮೂಡತೊಡಗಿತು.

‘ಸಿಂಧನೂರು, ಸಿಂಧನೂರು. ಲಿಂಗಸುಗೂರು ಕರಿಯಾಕತ್ತೈತಿ.’

ಪ್ರತಿ ಪದದ ಕೊನೆಯ ಅಕ್ಷರಕ್ಕೆ ಮುಂಚೆ ತುಸು ತಡೆಯುವುದು ಮಾಮನ ಕೈಯ ಗುಣ. ನಾನು ಅದನ್ನು ಅಂದಿನವರೆಗೆ ಗಮನಿಸಿಯೇ ಇರಲಿಲ್ಲ. ಖಾಜಾ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಹೊರಕೋಣೆಯತ್ತ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಎರಡೂ ಕೈ ಕೀಲಿಗಳ ಮೇಲಿಟ್ಟರು.

‘ಲಿಂಗಸುಗೂರು, ಸಿಂಧನೂರು ಕೇಳಾಕತ್ತೈತಿ. ಹೇಳು.’

ಕೇಳಾಕತ್ತೈತಿ! ಮುಮ್ತಾಜ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಆ ಎರಡು ಪರದೆಗಳು ತುಂಬಿ ಉಕ್ಕಿದವು. ನಿನ್ನ ಕೈ ನಿಧಾನ ಆಗೈತಿ. ನಿಂದೇನು ಕುದುರಿ ಓಡಿದಂಗ ಐತೇನು. ರಾಯಚೂರಿನ ತಾರಿನಾವ ಈಗ ಎಲ್ಲಿದಾನ. ಆ ಮಳೆಗಾಲ ಕಂಬ ಬಿದ್ದದ್ದು ನೆನಪೈತೇನು. ಎಷ್ಟೋ ವರ್ಷ ಅಂಗಳದಲ್ಲಿ ಮುದ್ದೆಯಾಗಿ ಕೂತಿದ್ದ ಮನುಷ್ಯ ನಮ್ಮ ಕಣ್ಣೆದುರು ನೆಟ್ಟಗಾಗುತ್ತಾ ಹೋದರು. ನಾನು ಮಾಮನ ಕಡೆ ನೋಡಿದೆ. ಇಳಿವಯಸ್ಸಿನಲ್ಲಿ, ಮೌಸ್ ಹಿಡಿಯಲು ಬಾರದ ಕೈಯಲ್ಲಿ, ಉಸುಕಿನಲ್ಲಿ ಬರೆದು ಅಳಿಸಿ ಬರೆದು ಅವನು ಕಲಿತದ್ದಕ್ಕೆ ಎಂಥ ಬೆಲೆ ಬಂತು ಎಂದು ಹೆಮ್ಮೆಯಾಯಿತು.

ಆಗ ಖಾಜಾ ಸಾಹೇಬರು ಹೊಡೆದರು: ‘ನೀಲಾ ಬೆಹನ್ ಹ್ಯಾಂಗದಾಳ? ಭಾಳ ದಿನಾತು ಚಟ್ನಿ ಬರಲಿಲ್ಲ.’

ಮಾಮನ ಕೈ ನಿಂತಿತು. ಪರದೆಯಲ್ಲಿ ಗುರುತೊಂದು ಮಿನುಗುತ್ತಿತ್ತು, ಆರುತ್ತಿತ್ತು. ಒಳಗೆ ಖಾಜಾ ಸಾಹೇಬರು ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಲೈನ್ ಮೇಲಿನ ಮೌನವನ್ನೂ ಓದಬಲ್ಲವರು ಅವರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಾಮ ಬೇಡವೆಂದು ತಲೆಯಾಡಿಸಿ, ಒತ್ತತೊಡಗಿದ.

‘ನೀಲಾ ಹೋದಳು. ಹೋದ ಯುಗಾದಿ ಮುಂದ. ಜ್ವರ. ನಿನಗ ಹ್ಯಾಂಗ ಹೇಳಬೇಕು ತಿಳೀಲಿಲ್ಲ ಖಾಜಾ.’

ಎಷ್ಟೋ ಕಡೆ ಅಕ್ಷರ ತಪ್ಪಿದ್ದವು. ಹಾಗೆಯೇ ಉಳಿದವು. ಖಾಜಾ ಸಾಹೇಬರು ಅದನ್ನು ಮೂಡುತ್ತಿದ್ದಂತೆಯೇ ಓದಿದರು. ಆಮೇಲೆ, ಸುದ್ದಿ ಮುಟ್ಟಿದಾಗ ತಾರಿನವರು ಹೊಡೆಯುವಂತೆ, ಒಂದೇ ಪದ ಹೊಡೆದರು: ‘ಮುಟ್ಟಿತು.’

ಕುರ್ಚಿ ಸರಿಸಿ ಎದ್ದರು. ನನ್ನನ್ನು ದಾಟಿ ಹೊರಗಿನ ಕೋಣೆಗೆ ಬಂದರು. ಮಾಮ ತಲೆ ಎತ್ತಿರಲಿಲ್ಲ. ಅವನ ಭುಜ ಹಿಡಿದು ಎಬ್ಬಿಸಿ ಅಪ್ಪಿಕೊಂಡರು. ಅತ್ತಿ ಹೋದ ಮೇಲೆ ಮೊದಲ ಸಲ ಮಾಮ ಅತ್ತದ್ದನ್ನು ನಾನು ಕಂಡೆ. ಅತ್ತು ಮುಗಿಯುವವರೆಗೆ ಅವರು ಬಿಡಲಿಲ್ಲ. ಆಮೇಲೆ ಕೈಹಿಡಿದು ಹೊರಗೆ ನಡೆಸಿಕೊಂಡು ಹೋದರು. ಚಪ್ಪಲಿ ಮೆಟ್ಟುತ್ತಲೇ, ಎಷ್ಟೋ ಕಾಲದಿಂದ ಮುಚ್ಚಿದ್ದ ಅವರ ಬಾಯಿ ತೆರೆಯಿತು. ದನಿ ಒಡೆದಿತ್ತು, ಗಟ್ಟಿಯಾಗಿತ್ತು.

“ಆಕಿ ಚಟ್ನ್ಯಾಗ ಬಳ್ಳೊಳ್ಳಿ ಭಾಳ ಹಾಕತಿದ್ಳೋ ಅಮರೇಶ! ಕಂಡಕ್ಟರ್ ಅರ್ಧಾ ದಾರ್ಯಾಗ ಖಾಲಿ ಮಾಡ್ತಿದ್ದ! ನಾ ಒಮ್ಮೆ ಅವನ್ನ ಹಿಡದೆ ಗೊತ್ತೇನು!”

ಓಣಿಯ ಜನ ತಿರುಗಿ ನೋಡಿದರು. ಚಹಾದಂಗಡಿಯವನು ಲೋಟ ಹಿಡಿದು ನಿಂತ. ಮುಮ್ತಾಜ್ ರೂಢಿಯಂತೆ ಮೆಲ್ಲಗೆ ಎಂದು ಕೈ ಮಾಡಲು ಓಡಿದಳು. ಮಾಮ ಅವಳ ಕೈಯನ್ನು ಹಿಡಿದು ಕೆಳಗಿಳಿಸಿದ.

“ಇರ್ಲಿ ಬಿಡವ್ವಾ” ಎಂದ. “ಜೋರಾಗೇ ಹೇಳ್ಲಿ.”